ಬೆಳ್ಳಗಿರುವುದೆಲ್ಲ ಹಾಲಲ್ಲ

ಮದುವೆ ನಿಶ್ಚಯವಾದ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಲಗ್ನಪತ್ರಿಕೆಗಳು ಅಚ್ಚಾಗಿ ಬಂದಿವೆ. ಧಾರೆಗೆ ಉಳಿದಿರುವುದು ಇನ್ನು ನಾಲ್ಕೇ ವಾರ. ಸೀರೆಯ ಚರ್ಚೆ ಮುಗಿದು, ಒಡವೆಯ ಚರ್ಚೆಯೂ ಮುಗಿದು, ಮನೆಯವರೆಲ್ಲ ಒಂದು ಗಳಿಗೆ ನಿರಾಳವಾಗಿ ಕಾಫಿಗೆ ಕುಳಿತಿದ್ದಾರೆ. ಮದುವಣಗಿತ್ತಿಯೊಬ್ಬಳು ಮಾತ್ರ ಕನ್ನಡಿಯ ಮುಂದೆ ನಿಂತು, ತುಟಿಯನ್ನು ಕೊಂಚ ಅಗಲಿಸಿ, ತನ್ನ ಹಲ್ಲುಗಳನ್ನೇ ನೋಡಿಕೊಳ್ಳುತ್ತಿದ್ದಾಳೆ. ನಿಶ್ಚಿತಾರ್ಥದ ಛಾಯಾಚಿತ್ರಗಳಲ್ಲಿ ಆಕೆ ಒಂದರಲ್ಲಿಯೂ ಬಾಯಿ ತೆರೆದು ನಕ್ಕಿಲ್ಲ.

“ಅಮ್ಮಾ, ಹಲ್ಲು ಬಿಳಿ ಮಾಡಿಸಿಕೊಂಡುಬಿಡಲೇ? ಒಂದು ಗಂಟೆಯ ಕೆಲಸವಂತೆ” ಎನ್ನುತ್ತಾಳೆ ಹುಡುಗಿ.

“ಹೊಳಪೆಲ್ಲ ಕಿತ್ತುಬಂದು ನಾಳೆ ತಣ್ಣೀರು ಕುಡಿಯುವುದಕ್ಕೂ ಆಗದಂತಾದರೆ ಏನೇ ಮಾಡುತ್ತೀಯೆ?” ಎಂದು ತಾಯಿಯ ಕಳವಳ.

ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ನಡುವೆ ಬಾಯಿ ಹಾಕುತ್ತಾರೆ: “ನಮ್ಮ ಕಾಲದಲ್ಲಿ ಇದ್ದಿಲು, ಉಪ್ಪು ಹಾಕಿ ತಿಕ್ಕುತ್ತಿದ್ದೆವು ಮಗು. ಬೆಳ್ಳಗೇನೋ ಆಗುತ್ತಿದ್ದವು. ಆದರೆ ಈಗ ನೋಡು, ತೋರಿಸೋಣವೆಂದರೆ ಒಂದೂ ಇಲ್ಲ!” ಹೀಗೆಂದು ಆ ಹಿರಿಯ ಜೀವ ಬೊಚ್ಚುಬಾಯಿ ತೆರೆದು ಮನಸಾರೆ ನಗುತ್ತದೆ.

ಈ ಮೂವರ ಮಾತಿನಲ್ಲಿಯೂ ಸತ್ಯಾಂಶವುಂಟು. ಮೂವರ ಮಾತಿನಲ್ಲಿಯೂ ಅಷ್ಟಿಷ್ಟು ತಪ್ಪು ತಿಳಿವಳಿಕೆಯೂ ಉಂಟು. ಹಲ್ಲನ್ನು ಬಿಳುಪಾಗಿಸುವ ಚಿಕಿತ್ಸೆ ಇಂದು ನಗರಗಳ ದಂತ ಚಿಕಿತ್ಸಾಲಯಗಳಲ್ಲಿ ಮಾತ್ರವಲ್ಲದೆ ಸೌಂದರ್ಯಾಲಯಗಳಲ್ಲಿಯೂ ದೊರೆಯುತ್ತಿದೆ. ಮೊಬೈಲ್ ಫೋನಿನ ಪರದೆಯ ಮೇಲೆ ಗುಂಡಿಯೊತ್ತಿದರೆ ಪಟ್ಟಿ, ಪುಡಿ, ಲೇಪಗಳು ಮನೆಯ ಬಾಗಿಲಿಗೇ ಬಂದು ಬೀಳುತ್ತವೆ. ಆದ್ದರಿಂದ ಆ ತಾಯಿಯ ಪ್ರಶ್ನೆ ಇಂದು ಅನೇಕ ಮನೆಗಳ ಪ್ರಶ್ನೆಯಾಗಿದೆ. ಬಿಳುಪನ್ನು ಗಳಿಸುವ ಭರದಲ್ಲಿ ಹಲ್ಲಿನ ಹೊದಿಕೆಯನ್ನೇ ಕಳೆದುಕೊಳ್ಳುವ ಭಯವುಂಟೆ?

ಉತ್ತರ ತಿಳಿಯಬೇಕಾದರೆ ಆ ಹೊದಿಕೆ ಎಂಥದೆಂಬುದನ್ನು ಮೊದಲು ಅರಿಯಬೇಕು. ಒಸಡಿನಿಂದ ಹೊರಗೆ ಕಾಣುವ ಹಲ್ಲಿನ ಭಾಗಕ್ಕೆ ಪ್ರಕೃತಿಯು ತೊಡಿಸಿರುವ ಕವಚಕ್ಕೆ ಎನಾಮಲ್ ಎಂದು ಹೆಸರು. ದಂತಕವಚವೆಂದು ಕರೆದರೆ ಕನ್ನಡದ ಕಿವಿಗೆ ಒಪ್ಪೀತು. ಮಾನವ ಶರೀರದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಎಲುಬೂ ಇದರ ಮುಂದೆ ಮೆದುವೇ. ತೂಕದಲ್ಲಿ ಇದರ ನೂರಕ್ಕೆ ಸುಮಾರು 96 ಪಾಲು ಖನಿಜ, ಅಂದರೆ ಸುಣ್ಣ ಮತ್ತು ರಂಜಕಗಳು ಕೂಡಿಯಾದ ಹೈಡ್ರಾಕ್ಸಿಅಪಟೈಟ್ ಎಂಬ ಹರಳುಗಳು. ಅಗಿಯುವ ಹಲ್ಲುಗಳ ತುದಿಯಲ್ಲಿ ಎರಡು ಮಿಲಿಮೀಟರಿಗೂ ಮಿಕ್ಕಿ ದಪ್ಪವಾಗಿರುವ ಈ ಕವಚವು ಕೆಳಗಿಳಿದಂತೆಲ್ಲ ತೆಳುವಾಗುತ್ತ ಒಸಡಿನ ಅಂಚಿನಲ್ಲಿ ಚೂರಿಯ ಬಾಯಿಯಷ್ಟು ತೆಳ್ಳಗಾಗುತ್ತದೆ.

ಆದರೆ ಇಷ್ಟು ಬಲಶಾಲಿಯಾದ ಈ ಕವಚಕ್ಕೆ ಒಂದು ದೊಡ್ಡ ಕೊರತೆಯಿದೆ. ಇದರಲ್ಲಿ ಜೀವಕೋಶಗಳಿಲ್ಲ. ಇದನ್ನು ಕಟ್ಟಿದ ಕೋಶಗಳು ತಮ್ಮ ಕೆಲಸ ಮುಗಿಸಿ, ಹಲ್ಲು ಒಸಡನ್ನು ಸೀಳಿಕೊಂಡು ಹೊರಬರುವ ವೇಳೆಗೆ ಅಳಿದುಹೋಗುತ್ತವೆ. ಮುರಿದ ಎಲುಬು ಕೂಡಿಕೊಳ್ಳುತ್ತದೆ, ಕತ್ತರಿಸಿದ ಉಗುರು ಬೆಳೆಯುತ್ತದೆ, ಗಾಯಗೊಂಡ ಚರ್ಮ ಮಾಯುತ್ತದೆ. ಸವೆದುಹೋದ ದಂತಕವಚ ಮಾತ್ರ ಮತ್ತೆ ಹುಟ್ಟುವುದಿಲ್ಲ. ತಾಯಿಯ ಕಳವಳಕ್ಕೆ ಆಧಾರವಿರುವುದು ಇಲ್ಲಿಯೇ.

ಇನ್ನೊಂದು ಸಂಗತಿಯನ್ನು ಬಹುಮಂದಿ ಅರಿಯರು. ದಂತಕವಚವು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿರುವುದಿಲ್ಲ. ಅದು ಬೆಳಕನ್ನು ಒಳಗೆ ಬಿಡುವ, ಅರೆಪಾರದರ್ಶಕವಾದ ವಸ್ತು. ಅದರ ಕೆಳಗೆ ಡೆಂಟಿನ್ ಎಂಬ ಪದರವಿದೆ. ಅದರ ಸಹಜವಾದ ಬಣ್ಣ ನಸುಹಳದಿ. ತೆಳುವಾದ ಸೆರಗಿನೊಳಗಿಂದ ರವಿಕೆಯ ಬಣ್ಣ ತೋರುವಂತೆ, ಕವಚದೊಳಗಿಂದ ಈ ಹಳದಿ ತೋರುತ್ತದೆ. ವಯಸ್ಸು ಏರಿದಂತೆ ಕವಚ ಸವೆಯುತ್ತದೆ, ಒಳಗಿನ ಡೆಂಟಿನ್ ದಪ್ಪವಾಗುತ್ತದೆ. ಹಲ್ಲು ಇನ್ನಷ್ಟು ಹಳದಿಯಾಗುತ್ತದೆ. ಆದ್ದರಿಂದ ಹಳದಿಯ ಹಲ್ಲೆಲ್ಲ ಕೊಳಕು ಹಲ್ಲಲ್ಲ. ಬಿಳಿಯ ಹಲ್ಲೆಲ್ಲ ಆರೋಗ್ಯದ ಹಲ್ಲೂ ಅಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಬಿಳುಪಿನ ಮೋಹವೇನೂ ಈಚಿನದಲ್ಲ. ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿದ್ದ ರೋಮಿನ ಕವಿ ಕಾಟುಲಸನು ಎಗ್ನೇಷಿಯಸ್ ಎಂಬಾತನನ್ನು ಕುರಿತು ಪರಿಹಾಸದ ಪದ್ಯವನ್ನೇ ಬರೆದಿದ್ದಾನೆ. ಬಿಳಿಯ ಹಲ್ಲುಗಳನ್ನು ತೋರಿಸುವ ಆಸೆಯಿಂದ ಶವಸಂಸ್ಕಾರದಲ್ಲಿಯೂ ಹಲ್ಲು ಕಿರಿಯುತ್ತಿದ್ದ ಆ ಮಹಾಶಯನ ಹಲ್ಲಿನ ಹೊಳಪಿನ ಗುಟ್ಟು ಮೂತ್ರದಿಂದ ತಿಕ್ಕುವುದರಲ್ಲಿತ್ತೆಂದು ಕವಿ ಚುಚ್ಚಿದ್ದಾನೆ. ಮತ್ತೊಂದು ಕಡೆ ಜಪಾನಿನಲ್ಲಿ ಶತಮಾನಗಳ ಕಾಲ ಕಪ್ಪು ಹಲ್ಲೇ ಚೆಲುವೆನಿಸಿತ್ತು. ಅಲ್ಲಿಯ ವಿವಾಹಿತ ಸ್ತ್ರೀಯರು ಕಬ್ಬಿಣದ ದ್ರಾವಣಕ್ಕೆ ಒಗರಿನ ಪುಡಿ ಕೂಡಿಸಿ ಹಲ್ಲಿಗೆ ಕಪ್ಪು ಲೇಪಿಸಿಕೊಳ್ಳುತ್ತಿದ್ದರು. 1873ರಲ್ಲಿ ಅಲ್ಲಿಯ ಸಾಮ್ರಾಜ್ಞಿಯೇ ಬಿಳಿಯ ಹಲ್ಲುಗಳೊಡನೆ ಜನರಿಗೆ ಕಾಣಿಸಿಕೊಂಡ ಮೇಲೆ ಆ ಪದ್ಧತಿ ಹಿಂದೆಗೆಯಿತು. ಚೆಲುವಿನ ಕಲ್ಪನೆ ಕಾಲದೇಶಗಳಿಗೆ ತಕ್ಕಂತೆ ಬದಲಾಗುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದಿನ ಚಿಕಿತ್ಸೆ ಹುಟ್ಟಿದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ದಂತವೈದ್ಯರೊಬ್ಬರು, ವಕ್ರದಂತಗಳನ್ನು ಸರಿಪಡಿಸುವಾಗ ರೋಗಿಗಳ ಒಸಡಿನ ಉರಿಯೂತ ಶಮನವಾಗಲೆಂದು ಕಾರ್ಬಮೈಡ್ ಪೆರಾಕ್ಸೈಡ್ ಎಂಬ ಔಷಧವನ್ನು ರಾತ್ರಿಯ ಹೊತ್ತು ಹಲ್ಲಿನ ಅಚ್ಚಿನೊಳಗೆ ಹಾಕಿಕೊಳ್ಳಲು ಕೊಟ್ಟರು. ಒಸಡು ಗುಣವಾಯಿತು, ಜೊತೆಗೆ ಹಲ್ಲೂ ಬೆಳ್ಳಗಾಗಿತ್ತು! ಉತ್ತರ ಕರೋಲಿನಾ ವಿಶ್ವವಿದ್ಯಾಲಯದ ಹೇವುಡ್ ಮತ್ತು ಹೇಮನ್ ಎಂಬ ಇಬ್ಬರು ಅಧ್ಯಾಪಕರು ಈ ವಿಧಾನವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಮೇಲೆ ಅದು ಲೋಕವಿಖ್ಯಾತವಾಯಿತು. ವಿನೋದವೆಂದರೆ, ಕಾರ್ಬಮೈಡ್ ಎಂಬುದು ಯೂರಿಯದ ಇನ್ನೊಂದು ಹೆಸರು. ಕಾಟುಲಸನು ಹಾಸ್ಯಮಾಡಿದ ಆ ದ್ರವದಲ್ಲಿಯೂ ಇದ್ದುದು ಯೂರಿಯವೇ. ಆದರೆ ಇಂದಿನದು ಕಾರ್ಖಾನೆಯಲ್ಲಿ ತಯಾರಾದ ಶುದ್ಧ ವಸ್ತುವಾದ್ದರಿಂದ ಮೂಗು ಮುರಿಯಬೇಕಾದ ಕಾರಣವಿಲ್ಲ.

ನೂರಕ್ಕೆ 10ರ ಪ್ರಮಾಣದ ಕಾರ್ಬಮೈಡ್ ಪೆರಾಕ್ಸೈಡ್ ಬಾಯಿಯಲ್ಲಿ ಒಡೆದು ನೂರಕ್ಕೆ ಸುಮಾರು 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡನ್ನು ಕೊಡುತ್ತದೆ. ಇದರ ಅಣುಗಳು ಬಹು ಚಿಕ್ಕವು. ದಂತಕವಚದ ಹರಳುಗಳ ನಡುವಣ ಸೂಕ್ಷ್ಮ ಸಂದುಗಳಲ್ಲಿ ನುಸುಳಿ ಕೆಲವೇ ನಿಮಿಷಗಳಲ್ಲಿ ಒಳಗಿನ ಡೆಂಟಿನ್ನನ್ನು ತಲುಪುತ್ತವೆ. ಅಲ್ಲಿ ಬಣ್ಣವನ್ನು ತೋರುವ ದೊಡ್ಡ ಅಣುಗಳನ್ನು ಆಮ್ಲಜನಕದ ಬಲದಿಂದ ತುಂಡರಿಸುತ್ತವೆ. ತುಂಡಾದ ಅಣುಗಳಿಗೆ ಬಣ್ಣವಿಲ್ಲ. ಹಲ್ಲು ಬೆಳ್ಳಗೆ ತೋರುತ್ತದೆ. ಅಗಸನು ಬಟ್ಟೆಯ ನೂಲನ್ನು ಹರಿಯದೆ ಕಲೆಯನ್ನಷ್ಟೇ ತೆಗೆಯುವಂತೆ ಈ ಕ್ರಿಯೆ. ಹಲ್ಲನ್ನು ಹೆರೆಯುವುದು ಇಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಕವಚಕ್ಕೆ ಏನೂ ಆಗುವುದಿಲ್ಲವೆ? ಕಿತ್ತ ಹಲ್ಲುಗಳ ಮೇಲೆ ಪ್ರಯೋಗಶಾಲೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ, ಬಿಳುಪಿನ ಲೇಪ ಹಚ್ಚಿದೊಡನೆ ಕವಚದ ಮೇಲ್ಮೈಯ ಕಾಠಿಣ್ಯ ಕೆಲವೊಮ್ಮೆ ಅಲ್ಪ ಪ್ರಮಾಣದಲ್ಲಿ ಇಳಿದದ್ದು ಕಂಡುಬಂದಿದೆ. ಆದರೆ ಬಾಯಿಯಲ್ಲಿ ಲಾಲಾರಸವೆಂಬ ರಕ್ಷಕನಿದ್ದಾನೆ. ಲಾಲಾರಸದಲ್ಲಿ ಕರಗಿರುವ ಸುಣ್ಣ ರಂಜಕಗಳು ಮೇಲ್ಮೈಯ ಸೂಕ್ಷ್ಮ ನಷ್ಟವನ್ನು ತುಂಬುತ್ತವೆ. ಫ್ಲೋರೈಡ್ ಇರುವ ದಂತಲೇಪ ಅದಕ್ಕೆ ನೆರವಾಗುತ್ತದೆ. ಮಿತವಾದ ಪ್ರಮಾಣದ ಲೇಪವನ್ನು ದಂತವೈದ್ಯರ ಮೇಲ್ವಿಚಾರಣೆಯಲ್ಲಿ, ಹೇಳಿದಷ್ಟೇ ದಿನ ಬಳಸಿದರೆ ಕವಚಕ್ಕೆ ಶಾಶ್ವತವಾದ ಹಾನಿಯಿಲ್ಲವೆಂಬುದು ದಂತವೈದ್ಯಶಾಸ್ತ್ರದಲ್ಲಿ ಇಂದು ಸಾಮಾನ್ಯವಾಗಿ ಒಪ್ಪಿತವಾದ ಮಾತು.

ಆ ವಾಕ್ಯದಲ್ಲಿ “ಮಿತವಾದ”, “ಮೇಲ್ವಿಚಾರಣೆ”, “ಹೇಳಿದಷ್ಟೇ” ಎಂಬ ಮೂರು ಮಾತುಗಳನ್ನು ತೆಗೆದುಹಾಕಿದರೆ ಉಳಿದ ವಾಕ್ಯ ಸುಳ್ಳಾಗುತ್ತದೆ. ಜಾಹೀರಾತುಗಳು ಮಾಡುವುದು ಅದನ್ನೇ.

ಮೊದಲನೆಯದಾಗಿ, ಪೆರಾಕ್ಸೈಡ್ ಹಲ್ಲಿನ ತಿರುಳಿನವರೆಗೂ ಹೋಗಬಲ್ಲದು. ತಿರುಳಿನಲ್ಲಿ ನರವಿದೆ. ಆದ್ದರಿಂದ ಚಿಕಿತ್ಸೆಯ ದಿನಗಳಲ್ಲಿ ಅನೇಕರಿಗೆ ತಣ್ಣೀರು ಸೋಂಕಿದರೆ ಹಲ್ಲು ಜುಮ್ಮೆನ್ನುತ್ತದೆ. ಇದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಅಡಗುತ್ತದೆ. ಆದರೆ ಹುಳುಕು ಬಿದ್ದ ಹಲ್ಲು, ಬಿರುಕು ಬಿಟ್ಟ ಹಲ್ಲು, ಒಸಡು ಜರುಗಿ ಬೇರು ಬಯಲಾದ ಹಲ್ಲು ಇದ್ದವರಿಗೆ ನೋವು ತೀವ್ರವಾದೀತು. ಅದಕ್ಕಾಗಿಯೇ ಹುಳುಕನ್ನು ತುಂಬಿಸದೆ ಬಿಳುಪಿಗೆ ಕೈಹಾಕಬಾರದು. ಎರಡನೆಯದಾಗಿ, ಚಿಕಿತ್ಸಾಲಯದಲ್ಲಿ ಬಳಸುವ ನೂರಕ್ಕೆ 35 ಅಥವಾ 40ರ ಪ್ರಮಾಣದ ಪ್ರಬಲ ಲೇಪ ಒಸಡಿಗೆ ತಗಲಿದರೆ ಸುಡುತ್ತದೆ. ಆದ್ದರಿಂದಲೇ ದಂತವೈದ್ಯರು ಮೊದಲು ಒಸಡಿಗೆ ರಕ್ಷೆಯನ್ನು ಹಚ್ಚುತ್ತಾರೆ. ಅಪ್ಪಟ ತೋರಿಕೆಗಾಗಿ ಹಾಯಿಸುವ ನೀಲಿಯ ದೀಪದಿಂದ ದೊರೆಯುವ ಹೆಚ್ಚಿನ ಲಾಭ ನಗಣ್ಯ. ದೀಪದ ಕಾವು ಹಲ್ಲಿನ ಜುಮ್ಮನ್ನು ಹೆಚ್ಚಿಸುವ ಸಂಭವವೇ ಅಧಿಕ. ಮೂರನೆಯದಾಗಿ, ಕೆಲವು ಅಗ್ಗದ ದ್ರಾವಣಗಳು ಬಹಳ ಹುಳಿಯಾಗಿರುತ್ತವೆ. ಹುಳಿಯನ್ನು ಅಳೆಯುವ ಪಿ.ಎಚ್. ಮಾನದಲ್ಲಿ ಸುಮಾರು 5.5ಕ್ಕಿಂತ ಕೆಳಗಿಳಿದರೆ ದಂತಕವಚ ಕರಗತೊಡಗುತ್ತದೆ. ಆಗ ಕವಚವನ್ನು ತಿನ್ನುವುದು ಪೆರಾಕ್ಸೈಡ್ ಅಲ್ಲ, ಅದರ ಜೊತೆಗಿರುವ ಆಮ್ಲ.

ಮನೆಮದ್ದಿನ ಅಪಾಯವೂ ಇಲ್ಲಿಯೇ ಅಡಗಿದೆ. ನಿಂಬೆಯ ರಸದ ಪಿ.ಎಚ್. 2ರಿಂದ 2.6ರ ಆಸುಪಾಸಿನಲ್ಲಿರುತ್ತದೆ. ನಿಂಬೆಹೋಳಿನಿಂದ ಹಲ್ಲು ತಿಕ್ಕಿದಾಗ ಕ್ಷಣಕಾಲ ಬೆಳ್ಳಗೆ ತೋರುವುದುಂಟು. ಅದು ಕಲೆ ಹೋದದ್ದಲ್ಲ, ಕವಚವೇ ಕರಗಿ ಹೋದದ್ದು. ಹೀಗೆ ತಿಂಗಳುಗಟ್ಟಲೆ ಮಾಡಿದರೆ ಕವಚ ತೆಳುವಾಗಿ ಒಳಗಿನ ಹಳದಿ ಮತ್ತಷ್ಟು ಹೊಳೆಯುತ್ತದೆ. ಬಿಳುಪಿಗಾಗಿ ಹೊರಟವರಿಗೆ ದೊರೆಯುವುದು ಹಳದಿ. ನಿಂಬೆಯ ಪಾನಕವನ್ನೋ ಹುಣಸೆಯ ಗೊಜ್ಜನ್ನೋ ಸವಿಯುವುದಕ್ಕೆ ಅಡ್ಡಿಯೇನೂ ಇಲ್ಲ. ಆಮೇಲೆ ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧಗಂಟೆ ಕಳೆದ ಮೇಲೆ ಹಲ್ಲುಜ್ಜುವುದು ಲೇಸು. ಹುಳಿಯಿಂದ ಮೆದುವಾದ ಮೇಲ್ಮೈ ಆ ವೇಳೆಗೆ ಚೇತರಿಸಿಕೊಂಡಿರುತ್ತದೆ.

ಅಜ್ಜಿಯ ಇದ್ದಿಲು ಈಗ ಹೊಸ ಹೆಸರಿನಿಂದ, ಅಂದವಾದ ಡಬ್ಬಿಯಲ್ಲಿ ಮರಳಿ ಬಂದಿದೆ. ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಇದ್ದಿಲಿನ ದಂತಮಂಜನಗಳು ನಿರಪಾಯವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಸ್ಪಷ್ಟಪಡಿಸಿತು. ಒರಟಾದ ಪುಡಿ ಹೊರಗಿನ ಕಲೆಯನ್ನು ಉಜ್ಜಿ ತೆಗೆಯುವುದು ನಿಜ. ಆದರೆ ಕಲೆಗೂ ಕವಚಕ್ಕೂ ಭೇದವೆಣಿಸುವ ಬುದ್ಧಿ ಪುಡಿಗೆ ಎಲ್ಲಿಂದ ಬರಬೇಕು? ಇಟ್ಟಿಗೆಯ ಪುಡಿ, ಬೂದಿ, ಮರಳುಪ್ಪುಗಳ ವಿಷಯವೂ ಇಷ್ಟೆ. ತಂಬಾಕು ಬೆರೆಸಿದ ಹಲ್ಲುಪುಡಿಯಂತೂ ಇನ್ನೂ ಕೆಡುಕಿನದು; ದಂತಲೇಪ ಮತ್ತು ಹಲ್ಲುಪುಡಿಗಳಲ್ಲಿ ತಂಬಾಕನ್ನು ಬಳಸಬಾರದೆಂದು ಭಾರತ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ.

ಈ ಚಿಕಿತ್ಸೆಯನ್ನು ಯಾರು ಮಾಡಬೇಕೆಂಬುದರ ಬಗ್ಗೆ ಹೊರನಾಡುಗಳಲ್ಲಿ ದೊಡ್ಡ ವ್ಯಾಜ್ಯಗಳೇ ನಡೆದಿವೆ. ಐರೋಪ್ಯ ಒಕ್ಕೂಟವು 2011ರ ನಿರ್ದೇಶನದಲ್ಲಿ, ನೂರಕ್ಕೆ 0.1ಕ್ಕಿಂತ ಹೆಚ್ಚು, 6ರವರೆಗಿನ ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಿಳುಪಿನ ಲೇಪಗಳನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, ಮೊದಲ ಪ್ರಯೋಗ ಅವರ ಕೈಯಲ್ಲೋ ಕಣ್ಣೆದುರಿನಲ್ಲೋ ಆಗಬೇಕು, 18 ವರ್ಷ ತುಂಬದವರಿಗೆ ಬಳಸಬಾರದು ಎಂದು ಕಟ್ಟಳೆ ಮಾಡಿತು. ಅಮೆರಿಕದ ಉತ್ತರ ಕರೋಲಿನಾದಲ್ಲಿ ದಂತವೈದ್ಯರ ಮಂಡಳಿಯು ಅಂಗಡಿಗಳಲ್ಲಿ ಹಲ್ಲು ಬಿಳುಪಾಗಿಸುತ್ತಿದ್ದ ಇತರರನ್ನು ತಡೆಯಹೊರಟಾಗ, 2015ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಮಂಡಳಿಯ ವಿರುದ್ಧ ತೀರ್ಪು ಕೊಟ್ಟಿತು. ಆದರೆ ಆ ತೀರ್ಪು ವ್ಯಾಪಾರದ ಸ್ಪರ್ಧೆಗೆ ಸಂಬಂಧಿಸಿದುದೇ ಹೊರತು ಹಲ್ಲಿನ ಕ್ಷೇಮಕ್ಕೆ ಸಂಬಂಧಿಸಿದುದಲ್ಲ. ನ್ಯಾಯಾಲಯ ಅಂಗಡಿಯನ್ನು ತೆರೆಯಗೊಡಬಹುದು. ಕರಗಿದ ಕವಚವನ್ನು ಮರಳಿ ಕೊಡಿಸಲಾರದು.

ಇನ್ನು ಆ ಮದುವಣಗಿತ್ತಿಯ ಕಡೆಗೆ ಬರಬಹುದು. ಆಕೆಯ ಹಲ್ಲಿನ ಮೇಲಿದ್ದುದು ಕಾಫಿಯ ಕಲೆಯಷ್ಟೇ ಅಲ್ಲ. ಆಕೆಯ ಬಾಲ್ಯ ಕಳೆದದ್ದು ಪಾವಗಡದ ಸೀಮೆಯಲ್ಲಿ, ಕೊಳವೆಬಾವಿಯ ನೀರು ಕುಡಿದು. ಪಾವಗಡ, ಬಾಗೇಪಲ್ಲಿ, ಮುಂಡರಗಿಗಳಂಥ ಬಯಲುನಾಡಿನ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿ ಕರಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಗತಿಯಿಲ್ಲದಿದ್ದರೆ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕದ ಮಿತಿ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ಒಡಲು ಸೇರಿದರೆ ಕವಚ ಸರಿಯಾಗಿ ಕಟ್ಟಿಕೊಳ್ಳದೆ, ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆಗಳೂ ಕಂದು ಗೆರೆಗಳೂ ಮೂಡುತ್ತವೆ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ ಮೆಕೇ ಎಂಬ ದಂತವೈದ್ಯರು 1901ರಲ್ಲಿ ಈ ಕಂದು ಕಲೆಯ ಬೆನ್ನು ಹತ್ತಿದರು. ಅದಕ್ಕೆ ನೀರಿನ ಫ್ಲೋರೈಡೇ ಕಾರಣವೆಂದು ಗೊತ್ತಾಗಲು 1931 ಬರಬೇಕಾಯಿತು. ಮಿತವಾಗಿದ್ದರೆ ಹಲ್ಲನ್ನು ಹುಳುಕಿನಿಂದ ಕಾಯುವ ವಸ್ತುವೇ ಮಿತಿಮೀರಿದರೆ ಕವಚವನ್ನು ಕೆಡಿಸುತ್ತದೆಯೆಂಬ ಪಾಠ ಅಲ್ಲಿ ದೊರೆಯಿತು.

ಈ ಕಲೆ ಕೊಳೆಯಲ್ಲ. ಎಷ್ಟು ತಿಕ್ಕಿದರೂ ಹೋಗುವಂಥದಲ್ಲ. ಆದರೆ ನೋಡುವ ಕಣ್ಣಿಗೆ ಇದಾವುದೂ ತಿಳಿಯದು. “ಹುಡುಗಿ ಲಕ್ಷಣವಾಗಿದ್ದಾಳೆ, ಹಲ್ಲೊಂದು ಉಜ್ಜುವುದು ಕಲಿಯಬೇಕು” ಎಂದು ನೆಂಟರಲ್ಲಿ ಯಾರೋ ಆಡಿದ ಮಾತು ಆಕೆಯ ಕಿವಿಗೆ ಬಿದ್ದಿತ್ತು. ಊರ ನೀರಿನ ತಪ್ಪಿಗೆ ಹುಡುಗಿಯ ತುಟಿ ಮುಚ್ಚಿಕೊಂಡಿತ್ತು.

ತಾಯಿ ಮಗಳು ಕೊನೆಗೆ ಹೋದದ್ದು ದಂತವೈದ್ಯರ ಬಳಿಗೆ. ಅವರು ದೀಪವನ್ನು ಹೊತ್ತಿಸುವ ಮೊದಲು ಬಾಯಿಯನ್ನು ಪರೀಕ್ಷಿಸಿ, ದವಡೆಯ ಹಲ್ಲೊಂದರ ಹುಳುಕನ್ನು ತುಂಬಿಸಿ, ಗಟ್ಟಿಯಾಗಿ ಕುಳಿತಿದ್ದ ಕೊಳೆಯನ್ನು ತೆಗೆದರು. ಅಷ್ಟರಿಂದಲೇ ಕಾಫಿಯ ಕಪ್ಪು ಹೋಯಿತು. ಆಮೇಲೆ ಹೇಳಿದರು: “ನೋಡಮ್ಮ, ಕಂದು ಗೆರೆ ಮಾಸೀತು, ಬಿಳಿಯ ಮಚ್ಚೆ ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಮೊದಮೊದಲು ಇನ್ನಷ್ಟು ಎದ್ದೂ ಕಂಡೀತು. ತುಂಬಿಸಿದ ಹಲ್ಲಿನ ಸಿಮೆಂಟು, ಕಟ್ಟಿಸಿದ ಹಲ್ಲು ಇವುಗಳ ಬಣ್ಣ ಬದಲಾಗುವುದಿಲ್ಲ. ಬಂದ ಬಿಳುಪೂ ಶಾಶ್ವತವಲ್ಲ. ಕಾಫಿ ಟೀ ಕುಡಿಯುವವರಿಗೆ ಕೆಲವು ತಿಂಗಳಲ್ಲೋ ವರ್ಷಗಳಲ್ಲೋ ಬಣ್ಣ ಮರಳುತ್ತದೆ. ಇಷ್ಟು ತಿಳಿದೂ ಬೇಕೆನಿಸಿದರೆ ಮಾಡೋಣ.”

ಹುಡುಗಿ ಬೇಕೆಂದಳು. ಆಕೆಯ ಹಲ್ಲಿನ ಅಳತೆಗೆ ಮಾಡಿದ ತೆಳುವಾದ ಅಚ್ಚಿನೊಳಗೆ ನೂರಕ್ಕೆ 10ರ ಲೇಪವನ್ನು ಹಾಕಿ ಎರಡು ವಾರ ರಾತ್ರಿಯ ಹೊತ್ತು ಧರಿಸಿದಳು. ನಾಲ್ಕನೆಯ ದಿನ ಹಲ್ಲು ಜುಮ್ಮೆಂದಿತು. ವೈದ್ಯರ ಸಲಹೆಯಂತೆ ಎರಡು ದಿನ ಬಿಟ್ಟು ಮತ್ತೆ ಮುಂದುವರಿಸಿದಳು. ತಾಯಿ ದಿನವೂ ಬೆಳಗ್ಗೆ, ತಣ್ಣೀರನ್ನು ಕೊಟ್ಟು, ಮಗಳ ಮುಖವನ್ನು ನೋಡುತ್ತ ನಿಲ್ಲುತ್ತಿದ್ದರು.

ಧಾರೆಯ ದಿನ ಹಲ್ಲುಗಳು ಜಾಹೀರಾತಿನ ಹಲ್ಲುಗಳಂತೆ ಆಗಿರಲಿಲ್ಲ. ಕಂದು ಗೆರೆ ಬಹುಮಟ್ಟಿಗೆ ಮಾಸಿತ್ತು. ಮೇಲಿನ ಎರಡು ಹಲ್ಲುಗಳ ಮೇಲೆ ಬಿಳಿಯ ಮಚ್ಚೆಯ ನೆರಳು ಹಾಗೆಯೇ ಉಳಿದಿತ್ತು. ಹಸೆಮಣೆಯ ಬಳಿ ಅಜ್ಜಿ ಅವಳ ಗದ್ದವನ್ನು ಹಿಡಿದೆತ್ತಿ, “ಎಲ್ಲಿ, ತೋರಿಸು ನೋಡೋಣ ಮಗು” ಎಂದರು. ಅವಳು ತೋರಿಸಿದಳು. ಅಜ್ಜಿಯೂ ತಮ್ಮ ಬೊಚ್ಚುಬಾಯಿ ತೆರೆದು ನಕ್ಕರು. ಮದುವೆಯ ಛಾಯಾಚಿತ್ರಗಳಲ್ಲಿ ಆ ಒಂದು ಚಿತ್ರವನ್ನು ಮನೆಯವರು ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದಾರೆ.